ಸತ್ತ ದನ ಮತ್ತು ಮಣ್ಣಿನ ಋಣ

ಪಶ್ಚಿಮ ಬೆಂಗಳೂರಿನ ಹಲವು ಬಡಾವಣೆಗಳು ಬೇಸಾಯದ ನೆಲದ ಮೇಲೆ ಎದ್ದಂತಹವು. ಆ ಬೇಸಾಯದ ಚರಿತ್ರೆಯಲ್ಲಿ ದನದ ದುಡಿಮೆಯಷ್ಟೇ ಅದರ ಸಾವಿಗೂ ಸ್ಥಾನವಿದೆ.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸತ್ತ ದನವನ್ನು ಸಾಗಿಸುವ ಹೊಣೆಯನ್ನು ಆಯಗಾರಿಕೆಯ, ಅಂದರೆ ಕಣದಲ್ಲಿ ಧಾನ್ಯದ ಪಾಲು ಪಡೆದು ಊರಿಗೆ ದುಡಿಯುವ ಪದ್ಧತಿಯ, ಹೆಸರಿನಲ್ಲಿ ಮಾದಿಗ ಸಮುದಾಯದ ಮೇಲೆ ಹೊರಿಸಲಾಗಿತ್ತು. ಅವರು ತಂಗಡಿ ತೊಗಟೆಯಿಂದ ಚರ್ಮ ಹದಮಾಡಿ, ಎತ್ತಿನ ಮಿಣಿಯನ್ನೂ ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲವನ್ನೂ ಒದಗಿಸಿದರೂ, ಆ ಕುಶಲತೆಗೆ ದೊರೆತ ಪ್ರತಿಫಲ ಅಸ್ಪೃಶ್ಯತೆಯೇ ಆಗಿತ್ತು. 1927ರಲ್ಲಿ ಇಂದಿನ ಮಹಾರಾಷ್ಟ್ರದ ಮಹಾಡದಲ್ಲಿ ಅಂಬೇಡ್ಕರ್ ಅವರು ಸತ್ತ ದನ ಸಾಗಿಸುವ ಕೆಲಸವನ್ನು ತೊರೆಯುವಂತೆ ದಲಿತರಿಗೆ ಕರೆ ನೀಡಿದ್ದು ಇಂತಹ ಅವಮಾನದ ಕಾರಣಕ್ಕಾಗಿಯೇ.

ದನವನ್ನು ತೆಂಗಿನ ಬುಡದ ಬಳಿ ಉಪ್ಪು ಹಾಕಿ ಹೂಳುವ ರೂಢಿಯೂ ಇತ್ತು. 1939ರಲ್ಲಿ ಸಿ. ಎನ್. ಆಚಾರ್ಯರು ಬೆಂಗಳೂರಿನಲ್ಲಿ ರೂಪಿಸಿದ, ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರಪದರವಾಗಿ ತುಂಬಿ ಮಣ್ಣಿನಿಂದ ಮುಚ್ಚುವ 'ಬೆಂಗಳೂರು ಪದ್ಧತಿ' ಕಳೇಬರಕ್ಕಾಗಿ ಹುಟ್ಟಿದ್ದಲ್ಲವಾದರೂ, ತ್ಯಾಜ್ಯವನ್ನು ಗೊಬ್ಬರವಾಗಿಸುವ ವಿದ್ಯೆಗೆ ಶಾಸ್ತ್ರೀಯ ರೂಪ ಕೊಟ್ಟಿತು. ಕಳೇಬರದ ಕಾಂಪೋಸ್ಟ್‌ನಲ್ಲಾದರೋ, ಮರದ ಹೊಟ್ಟು, ಹುಲ್ಲು ಮುಂತಾದ ಇಂಗಾಲ ಹೆಚ್ಚಿರುವ ವಸ್ತುಗಳ ದಪ್ಪ ಹಾಸಿನ ನಡುವೆ ಶವವನ್ನಿರಿಸಿದಾಗ ಸೂಕ್ಷ್ಮಜೀವಿಗಳ ಕಾವು 55 ಡಿಗ್ರಿ ಸೆಲ್ಸಿಯಸ್ ದಾಟಿ ಅನೇಕ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ನೆರಡಿ (ಆಂಥ್ರಾಕ್ಸ್) ರೋಗದ ಬೀಜಕಣಗಳು ಅದಕ್ಕೂ ಸಾಯವಾದ್ದರಿಂದ ಅಂತಹ ಶವವನ್ನು ಕೊಯ್ಯದೆ ಸುಡುವುದು ಅಥವಾ ಆಳವಾಗಿ ಹೂಳುವುದು ಅನಿವಾರ್ಯ.

ಹೀಗೆ ಕಳೇಬರವನ್ನು ಗೊಬ್ಬರವಾಗಿಸಿ, ಒಂದು ಜಾತಿಯ ತಲೆಗೆ ಕಟ್ಟಿದ್ದ ಹೊರೆಯನ್ನು ದನದ ಒಡೆಯನೇ ತನ್ನ ಜಮೀನಿನಲ್ಲಿ ಹೊರುವುದು ಕೃಷಿಯ ಪ್ರಗತಿಯಷ್ಟೇ ಅಲ್ಲ, ತಡವಾಗಿ ಸಲ್ಲುತ್ತಿರುವ ನ್ಯಾಯವೂ ಹೌದು.