ಕೃಷ್ಣಾ ಹೊಳಿ ಮತ್ತ ಕಾಕಾರ ಬೋಟು

ಮಳಿಗಾಲ ಹತ್ರ ಬಂತು. ಹೊಳಿ ದಂಡಿಮ್ಯಾಲೆ ಕಟಗಿ ಬೋಟು ಇಟ್ಟವರು ಇದನ್ನ ಪೂರಾ ಓದ್ರಿ.

ಬ್ರಿಜ್ ಆಗೋಕಿಂತ ಮೊದಲು ನಮ್ಮ ಕಡೆ ಹೊಳಿ ದಾಟೂದು ದೋಣಿಮ್ಯಾಲೇನ. ಯಡೂರ ವೀರಭದ್ರನ ಜಾತ್ರಿಗೆ, ಜುಗೂಳದಿಂದ ಆಚಿ ದಂಡಿ ಖಿದ್ರಾಪುರದ ಕೋಪೇಶ್ವರಕ್ಕ, ಬೀಗರ ಊರಿಗೆ, ಎಲ್ಲಾದಕ್ಕೂ ಅಂಬಿಗರು ಬೇಕಿತ್ತು. ಆಮ್ಯಾಲೆ ಹೊಳಿ ನೀರ ಎತ್ತಾಕ ಡೀಸೆಲ್ ಇಂಜಿನ್ ಬಂದವು. ಹೊಲಕ್ಕ ಕರೆಂಟ್ ಮೋಟರ್ ಬಂದ ಮ್ಯಾಲೆ ನಮ್ಮ ಕಾಕಾ 5 ಎಚ್‌ಪಿ ಇಂಜಿನ್ ಗುಜರಿಗೆ ಹಾಕಲಿಲ್ಲ, ದೋಣಿಗೆ ಕೂಡ್ರಿಸಿದ್ರು. ಸಾಗವಾನಿ ಹಲಗಿ, ಒಳಗ ಜಾಲಿ ಕಟಗಿ.

ಬ್ರಿಜ್ ಆದವು, ಬೋಟು ಮೂಲಿ ಸೇರಿತು. ಆದ್ರ ಕಲ್ಲೋಳ-ಯಡೂರದಂಥ ತಗ್ಗಿನ ಬ್ರಿಜ್ ಮ್ಯಾಲಿನ ಮಳಿಗೆ ಮುಳಗತಾವ. 2005ರ ಮಹಾಪೂರದಾಗ ಬೋಟಿನ ಬೆಲೆ ಮತ್ತ ಗೊತ್ತಾತು.

2019ರ ಬ್ಯಾಸಗಿ ನೆನಪೈತಲ್ರೀ? ಹೊಳಿ ಬತ್ತಿ, ಕೊಯ್ನಾ ನೀರ ಬಿಡ್ರಿ ಅಂತ ಹೋರಾಟ ಆದವು. ಬಿಸಲಾಗ ಬಿದ್ದ ಬೋಟಿನ ಹಲಗಿ ಒಣಗಿ ಸಂದು ಬಿಟ್ಟಿದ್ದವು. ನಾ ಬಡಿಗ್ಯಾ ಅಲ್ಲ, ಎಸ್ಸೆಸ್ಸೆಲ್ಸಿ ಓದಿದ ಒಕ್ಕಲಿಗ. ಕಲ್ಲಿನಂಗ ಗಟ್ಟಿ ಆಗೋ ಪುಟ್ಟಿ ತಂದು ಸಂದಿಗೆಲ್ಲಾ ತುಂಬಿದೆ, ಬಣ್ಣ ಬಳದೆ, ಬೀಗಿದೆ.

ಜುಲೈದಾಗ ನೀರಿಗೆ ಬಿಟ್ಟೆ. ಕಟಗಿ ನೀರ ಕುಡದು ಉಬ್ಬತೈತಿ. ಉಬ್ಬಾಕ ಜಾಗಾ ಇರಲಿಲ್ಲ. ರಾತ್ರಿ ಒಂದ ಹಲಗಿ ಮಳಿ ಕಿತ್ತು ಹೊರಗ ಬಂತು. ಮುಂಜಾನೆ ಬೋಟು ಅಂಚಿನತನಾ ಮುಳಗಿತ್ತು. ಆಗಸ್ಟ್‌ದಾಗ ಮಹಾಪೂರ ಬಂತು. ಮಂದಿನ್ನ ಬ್ಯಾರೆಯವರ ಬೋಟಿನ್ಯಾಗ ಕಳಿಸಿದ್ವಿ, ದನಕ್ಕ ಮೇವು ಒಯ್ಯಾಕ ಬೋಟಿಲ್ಲ. ಕಾಕಾರ ಎರಡು ಎಮ್ಮಿ ಹ್ವಾದವು. ಕಾಕಾ ಒಂದ ಮಾತೂ ಬೈಲಿಲ್ಲ. ಬೈದಿದ್ರ ಚೊಲೊ ಇತ್ತು.

ಮುಂದಿನ ವರ್ಷ ಒಬ್ಬ ಅಂಬಿಗ ಅಜ್ಜಾರ ಕಡೆ ಹೋಗಿ ಕೇಳಿದೆ. ಅವರು ಹೇಳಿದಂಗ ಪುಟ್ಟಿ ಎಲ್ಲಾ ಕೆರದು ತಗದೆ. ಒಡದ ಹಲಗಿ ಬದಲಿಸಿ ತುಕ್ಕು ಹಿಡಿಯದ ಮಳಿ ಹೊಡದೆ. ಸಂದಿಗೆ ಡಾಂಬರಿನ್ಯಾಗ ಅದ್ದಿದ ಹತ್ತಿ ನೂಲು ಹದವಾಗಿ ತುರುಕಿದೆ. ಅದು ಮೆತ್ತಗ ಇರತೈತಿ, ಕಟಗಿ ಉಬ್ಬಿದ್ರ ತಾ ಒತ್ತಿಕೊಂತೈತಿ. ಬ್ಯಾಸಗ್ಯಾಗ ನೆರಳಾಗ ಇಟ್ಟು, ಮ್ಯಾಲೆ ಹಸಿ ಗೋಣಿಚೀಲ ಹೊಚ್ಚತೀನಿ. ನೀರಿಗೆ ಬಿಡೋ ಮೊದಲು ಒಳಗ ನೀರ ಹಾಕಿ ಕೆಲವು ದಿನ ನೆನಸತೀನಿ.

2021ರ ಜುಲೈದಾಗ ಮತ್ತ ಪೂರ ಬಂತು. ಆ ಸಲ ಬೋಟು ನಡೀತು. ಮೇವು ಒಯ್ದೆ, ಹಾಲು ತಂದೆ. ಕಾಕಾ ಮುಂದ ಕುಂತಿದ್ರು.

ಮೇ ತಿಂಗಳದಾಗ ನಿಮ್ಮ ಬೋಟಿನ ಸಂದು ಒಮ್ಮೆ ಬೆರಳಾಡಿಸಿ ನೋಡ್ರಿ. ಹೊಳಿ ಬತ್ತಿದ ವರ್ಷಾನ ಮಹಾಪೂರ ಬಂದದ್ದು ನಾವು ಕಂಡೀವಿ.