ಸೊನ್ನಲಿಗೆಯ ಸಿದ್ಧರಾಮನೂ ಮತದ ಅಳತೆಗೋಲೂ

ಜಗತ್ತಿನ ಮತಗಳನ್ನು ಕೋಷ್ಟಕ ಹಾಕಿ ಕಲಿಸುವ ರೂಢಿ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಉಂಟು. ಮತದ ಹೆಸರು, ಅದರ ಸ್ಥಾಪಕ, ಅದರ ಗ್ರಂಥ, ಅದರ ದೇವರು, ಹೀಗೆ ನಾಲ್ಕು ಅಂಕಣಗಳು. ಯೆಹೂದಿ, ಕ್ರೈಸ್ತ, ಇಸ್ಲಾಂ ಮತಗಳನ್ನು ಇದರಲ್ಲಿ ಕೂಡಿಸುವುದು ಅಷ್ಟು ಕಷ್ಟವಲ್ಲ. ಅಬ್ರಹಾಮನನ್ನು ಮೂಲಪುರುಷನೆಂದು ಮನ್ನಿಸುವ ಈ ಮೂರರಲ್ಲಿಯೂ ಒಬ್ಬನೇ ದೇವರು, ಪ್ರವಾದಿಯ ವಾಣಿ, ಪವಿತ್ರ ಗ್ರಂಥ ಎಂಬ ಚೌಕಟ್ಟು ಸ್ಪಷ್ಟವಾಗಿದೆ. ಅದೇ ಅಳತೆಗೋಲನ್ನು ಹಿಡಿದು ಸೊಲ್ಲಾಪುರದ ಕೆರೆಯ ದಂಡೆಗೆ ಬಂದರೆ ಏನಾದೀತೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕಾಗಿದೆ. ಇದು ಬರಿಯ ಪಾಂಡಿತ್ಯದ ಮಾತಲ್ಲ. ಜನಗಣತಿಯ ಕಾಗದದಲ್ಲಿ ಮತದ ಅಂಕಣ ಇದ್ದೇ ಇದೆ. ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಬೇಕೆಂದು ೨೦೧೮ರಲ್ಲಿ ಕರ್ನಾಟಕ ಸರಕಾರವು ಕೇಂದ್ರಕ್ಕೆ ಶಿಫಾರಸು ಮಾಡಿದಾಗ ಎದ್ದ ವಾದದ ಕಾವು ಗಡಿಯ ಈಚೆಗೂ ತಾಗಿತು.

ಸೊಲ್ಲಾಪುರವೆಂಬುದು ಈಚಿನ ಹೆಸರು. ಕನ್ನಡ ಕಾವ್ಯಗಳಲ್ಲಿ ಇದು ಸೊನ್ನಲಿಗೆ. ಹದಿನಾರು ಹಳ್ಳಿಗಳು ಕೂಡಿ ಸೋಳಾಪುರವಾಯಿತೆಂಬ ವಿವರಣೆ ಕೇಳಲು ಚೆನ್ನ, ನಂಬಲು ಕಷ್ಟ. ಸಿದ್ಧರಾಮನಿಗಿಂತ ಮೊದಲೇ ಈ ಸೀಮೆಯಲ್ಲಿ ಶಿವಪೂಜೆ ಬೇರೂರಿತ್ತು. ಭೀಮಾ-ಸೀನಾ ನದಿಗಳ ಸಂಗಮದ ಹತ್ತರಸಂಗ ಕೂಡಲದಲ್ಲಿ ಮುನ್ನೂರೈವತ್ತಕ್ಕೂ ಮಿಕ್ಕ ಮುಖಗಳನ್ನು ಕೆತ್ತಿದ ಲಿಂಗವೊಂದಿದೆ. ಶಕ ೯೪೦, ಅಂದರೆ ಕ್ರಿ. ಶ. ೧೦೧೮ರ ಶಾಸನವೂ ಅಲ್ಲಿಯದೇ. ಮರಾಠಿಯ ಅತ್ಯಂತ ಹಳೆಯ ಬರಹಗಳಲ್ಲಿ ಅದೂ ಒಂದು.

ಇನ್ನು ಸಿದ್ಧರಾಮನ ವಿಷಯ. ಹನ್ನೆರಡನೆಯ ಶತಮಾನದ ಈ ಶರಣನ ಚರಿತ್ರೆಗೆ ನಮ್ಮ ಸಾಹಿತ್ಯದಲ್ಲಿ ಎರಡು ದೊಡ್ಡ ಆಧಾರಗಳಿವೆ. ಆದರೆ ಅವೆರಡೂ ಒಬ್ಬನೇ ಸಿದ್ಧರಾಮನನ್ನು ತೋರಿಸುವುದಿಲ್ಲ.

ಮೊದಲನೆಯದು ರಾಘವಾಂಕನ ಸಿದ್ಧರಾಮ ಚಾರಿತ್ರ. ಮುದ್ದುಗೌಡ ಸುಗ್ಗಲೆಯರ ಮಗನಾದ ಹುಡುಗನು ಹೊಲದಲ್ಲಿದ್ದಾಗ ಮಲ್ಲಯ್ಯನು ಹಸಿದ ಜಂಗಮನಾಗಿ ಬರುತ್ತಾನೆ. ಹುಡುಗನು ಉಣ್ಣಲು ತರಲೆಂದು ಮನೆಗೆ ಓಡಿ, ಮರಳಿ ಬರುವಷ್ಟರಲ್ಲಿ ಅವನಿಲ್ಲ. ಅವನನ್ನು ಹುಡುಕುತ್ತ ಶ್ರೀಶೈಲದವರೆಗೆ ನಡೆದು, ಅಲ್ಲಿಯೂ ಕಾಣದೆ ಕಮರಿಗೆ ಹಾರಲು ನಿಂತಾಗ ಮಲ್ಲಿಕಾರ್ಜುನನು ಕೈಹಿಡಿಯುತ್ತಾನೆ. ಆಮೇಲೆ ಊರಿಗೆ ಬಂದು ಕೆರೆ ಕಟ್ಟಿಸಿ, ಗುಡಿ ಎತ್ತಿಸಿ, ಸೊನ್ನಲಿಗೆಯನ್ನು ಎರಡನೆಯ ಶ್ರೀಶೈಲವನ್ನಾಗಿ ಮಾಡುತ್ತಾನೆ. ರಾಘವಾಂಕನಿಗೆ ಇದೇ ಧರ್ಮ. ನೀರಿಲ್ಲದ ನಾಡಿಗೆ ನೀರು, ದೇವರಿಲ್ಲದ ಊರಿಗೆ ದೇವರು.

ಎರಡನೆಯದು ಹದಿನೈದನೆಯ ಶತಮಾನದಲ್ಲಿ ಹುಟ್ಟಿ ಮತ್ತೆ ಮತ್ತೆ ಪರಿಷ್ಕೃತವಾದ ಶೂನ್ಯಸಂಪಾದನೆ. ಅಲ್ಲಿ ಕೆರೆಯ ಕೆಲಸ ಸಾಗಿರುವಾಗ ಅಲ್ಲಮಪ್ರಭು ಬರುತ್ತಾನೆ. ಬಂದವನು ನಮಸ್ಕರಿಸುವುದಿಲ್ಲ, ಒಡ್ಡರಾಮನೆಲ್ಲಿ ಎಂದು ಕೇಳುತ್ತಾನೆ. ಮಣ್ಣು ಹೊರುವವರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ತಮ್ಮ ಒಡೆಯನನ್ನು ಒಡ್ಡನೆಂದದ್ದಕ್ಕೆ ಒಡ್ಡರಿಗೇ ಸಿಟ್ಟು ಬಂತೆಂಬುದನ್ನು ಗಮನಿಸಬೇಕು. ಬಳಿಕ ನಡೆಯುವ ಸಂವಾದದ ತಿರುಳು ಇಷ್ಟೇ: ಕೆರೆ ಬಾವಿ ಗುಡಿಗಳು ಪುಣ್ಯವನ್ನು ತಂದರೂ ಬಂಧನವನ್ನು ಬಿಡಿಸಲಾರವು; ಲಿಂಗವು ಊರ ನಡುವೆ ಇರುವುದಲ್ಲ, ಅಂಗದ ಮೇಲೆ ಇರುವುದು. ಸಿದ್ಧರಾಮನು ಅಲ್ಲಮನೊಡನೆ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ಇಷ್ಟಲಿಂಗ ದೀಕ್ಷೆ ಪಡೆಯುತ್ತಾನೆ. ರಾಘವಾಂಕನ ಕಾವ್ಯದಲ್ಲಿ ಈ ದೀಕ್ಷೆಗೆ ಎಡೆಯಿಲ್ಲ.

ಇವುಗಳಲ್ಲಿ ಯಾವುದು ಚರಿತ್ರೆ, ಯಾವುದು ಸಿದ್ಧಾಂತ ಎಂದು ವಿದ್ವಾಂಸರು ವಾದಿಸಿದ್ದಾರೆ. ಒಂದನ್ನು ಸುಳ್ಳೆಂದು ತಳ್ಳುವ ಆತುರ ನನಗಿಲ್ಲ. ಸ್ಥಾವರವೋ ಜಂಗಮವೋ ಎಂಬ ಪ್ರಶ್ನೆಯನ್ನು ಒಂದು ಸಮಾಜವು ಶತಮಾನಗಳ ಕಾಲ ತನ್ನೊಡನೆ ತಾನೇ ಚರ್ಚಿಸಿತು, ಚರ್ಚೆಯ ಎರಡೂ ಪಕ್ಷಗಳನ್ನು ಜೋಪಾನವಾಗಿ ಕಾಯ್ದಿಟ್ಟಿತು. ‘ಗ್ರಂಥ’ ಎಂಬ ಅಂಕಣದಲ್ಲಿ ಇವೆರಡರಲ್ಲಿ ಯಾವುದನ್ನು ಬರೆಯೋಣ? ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಸಾವಿರಕ್ಕೂ ಮಿಕ್ಕಿ ದೊರೆತಿರುವ ವಚನಗಳು ಮತ್ತೆ ಬೇರೆ. ಸೊಲ್ಲಾಪುರದಲ್ಲಿಯೇ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು (೧೯೧೨-೧೯೮೬) ಇಪ್ಪತ್ತನೆಯ ಶತಮಾನದಲ್ಲಿ ಸಿದ್ಧರಾಮನ ಮೇಲೆ ಹೊಸದಾಗಿ ಪುರಾಣವನ್ನೇ ರಚಿಸಿದರು.

ಇನ್ನು ಜನರ ಸಿದ್ಧರಾಮನು ಪುಸ್ತಕಗಳ ಸಿದ್ಧರಾಮನಿಗಿಂತ ಬೇರೆಯೇ ಆಗಿದ್ದಾನೆ. ಮಕರ ಸಂಕ್ರಮಣದ ಗಡ್ಡಾ ಯಾತ್ರೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಿದ್ಧರಾಮನು ಊರ ಸುತ್ತ ನಿಲ್ಲಿಸಿದನೆನ್ನುವ ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನವಾಗುವುದು. ಬಳಿಕ ಏಳು ನಂದಿಕೋಲುಗಳು ಬಾಸಿಂಗ ಕಟ್ಟಿಕೊಂಡು ಮೆರವಣಿಗೆಯಲ್ಲಿ ಬಂದು ಸಮ್ಮತಿಕಟ್ಟೆಯ ಬಳಿ ನಿಲ್ಲುತ್ತವೆ. ಸಮ್ಮತಿಯ ವಚನ ಓದಿದೊಡನೆ ನೆರೆದವರೆಲ್ಲ ಅಕ್ಷತೆ ಎರಚುತ್ತಾರೆ. ಇದು ಮದುವೆ. ದಿನವೂ ಸಿದ್ಧರಾಮನ ಅಂಗಳ ಸಾರಿಸಿ ರಂಗವಲ್ಲಿ ಹಾಕುತ್ತಿದ್ದ ಕುಂಬಾರರ ಹುಡುಗಿಯೊಬ್ಬಳು ಅವನನ್ನೇ ವರಿಸಬಯಸಿದಳಂತೆ. ಯೋಗಿಯಾದ ಅವನು ತನ್ನ ಯೋಗದಂಡವನ್ನು ಮದುವೆಯಾಗಲು ಒಪ್ಪಿದನಂತೆ. ಮರುದಿನದ ಹೋಮದಲ್ಲಿ ಆ ಕನ್ಯೆಯ ಕಥೆ ಮುಗಿಯುತ್ತದೆ. ಕೋಲುಗಳನ್ನು ಹೊರುವವರು ಒಂದೇ ಜಾತಿಯವರಲ್ಲ. ಕನ್ನಡ, ಮರಾಠಿ, ತೆಲುಗು ಮಾತಾಡುವವರೆಲ್ಲ ಅಲ್ಲಿ ನೆರೆಯುತ್ತಾರೆ. ಅಲ್ಲಮನು ಬೇಡವೆಂದ ಗುಡಿ ಕೆರೆಯ ನಡುವೆ ನಿಂತಿದೆ; ಇಷ್ಟಲಿಂಗ ಕಟ್ಟಿಕೊಂಡವರೇ ಅದಕ್ಕೆ ಕೈಮುಗಿದು ಬರುತ್ತಾರೆ. ಇದನ್ನು ಅಜ್ಞಾನವೆಂದೂ ಸಿದ್ಧಾಂತಕ್ಕೆ ವಿರೋಧವೆಂದೂ ಬರೆದವರಿದ್ದಾರೆ. ಹಾಗೆ ಬರೆಯುವವರು ಕೋಷ್ಟಕವನ್ನು ನೋಡಿ ಬರೆಯುತ್ತಾರೆ, ಜಾತ್ರೆಯನ್ನು ನೋಡಿ ಬರೆಯುವುದಿಲ್ಲ.

ಹಾಗೆಂದು ಇಲ್ಲಿ ಎಲ್ಲವೂ ಸಮನ್ವಯವೇ ಆಗಿತ್ತೆಂದು ಹಾಡುವುದೂ ಸಲ್ಲದು. ಅಕ್ಕಲಕೋಟೆಯ ನೆರೆಯ ಆಳಂದದಲ್ಲಿ ಹುಟ್ಟಿದ ಏಕಾಂತದ ರಾಮಯ್ಯನು ಅಬ್ಬಲೂರಿನಲ್ಲಿ ಜೈನರೊಡನೆ ತಲೆಯ ಪಂತ ಕಟ್ಟಿ ಗೆದ್ದು ಜಿನಪ್ರತಿಮೆಯನ್ನು ಒಡೆದನೆಂದೂ, ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟನೆಂದೂ ಅಲ್ಲಿಯ ಶಾಸನವೇ ಸಾರುತ್ತದೆ. ಅದು ಗೆದ್ದವರ ಶಾಸನ. ಸೋತವರ ಮಾತು ಕಲ್ಲಿನ ಮೇಲೆ ಉಳಿದಿಲ್ಲ. ಆದರೆ ಜೈನರ ವಿದ್ಯೆ ಈ ಸೀಮೆಯಿಂದ ಅಳಿಯಲಿಲ್ಲ. ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಪ್ರಾಚೀನ ಗ್ರಂಥಗಳನ್ನು ಶೋಧಿಸಿ ಅಚ್ಚು ಹಾಕಿಸಿತು. ದಕ್ಷಿಣ ಭಾರತದ ಜೈನಧರ್ಮವನ್ನೂ ಕನ್ನಡ ನಾಡಿನ ಜೈನ ಶಾಸನಗಳನ್ನೂ ಕುರಿತು ಪಿ. ಬಿ. ದೇಸಾಯಿಯವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ೧೯೫೭ರಲ್ಲಿ ಹೊರತಂದದ್ದೂ ಇದೇ ಸಂಘ. ಜಗತ್ಕರ್ತನಾದ ದೇವರನ್ನೇ ಒಪ್ಪದ ಮತವಿದು. ನಮ್ಮ ಕೋಷ್ಟಕದ ನಾಲ್ಕನೆಯ ಅಂಕಣ ಇಲ್ಲಿ ಖಾಲಿಯೇ ಉಳಿಯಬೇಕು.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಬಂದರೆ ಮತ್ತೊಂದು ತೊಡಕು. ಹತ್ತೊಂಬತ್ತನೆಯ ಶತಮಾನದ ನಡುವೆ ಇಲ್ಲಿಗೆ ಬಂದು ೧೮೭೮ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರು ಮತವನ್ನು ಸ್ಥಾಪಿಸಲಿಲ್ಲ, ಗ್ರಂಥವನ್ನು ಬರೆಯಲಿಲ್ಲ. ಅವರ ಹುಟ್ಟೂರಿನ ವಿಷಯದಲ್ಲಿ ಭಕ್ತರ ಕಥೆಗಳು ಹಲವು. ಅವರು ಕುಳಿತ ಆಲದ ಮರದ ಸುತ್ತಲೇ ದೊಡ್ಡ ಕ್ಷೇತ್ರ ಬೆಳೆಯಿತು. ದತ್ತಸಂಪ್ರದಾಯದವರು ಅವರನ್ನು ತಮ್ಮ ಗುರುಪರಂಪರೆಯಲ್ಲಿ ಎಣಿಸುತ್ತಾರೆ. ಆ ಪರಂಪರೆಯ ಪಾರಾಯಣ ಗ್ರಂಥ ಗುರುಚರಿತ್ರೆ. ಭೀಮಾತೀರದ ಗಾಣಗಾಪುರದಲ್ಲಿ ನೆಲೆಸಿದ್ದ ನೃಸಿಂಹ ಸರಸ್ವತಿಗಳ ಮಹಿಮೆಯನ್ನು ಹೇಳುವ ಈ ಮರಾಠಿ ಕೃತಿಯನ್ನು ರಚಿಸಿದ ಸರಸ್ವತಿ ಗಂಗಾಧರನು, ತನಗೆ ಮರಾಠಿ ಬಾರದೆಂದು ಕೃತಿಯೊಳಗೆ ತಾನೇ ಹೇಳಿಕೊಂಡಿದ್ದಾನೆ. ಅವನು ಆಳಂದ ಸೀಮೆಯ ಕಡಗಂಚಿಯವನು, ಮನೆಮಾತು ಕನ್ನಡ ಎಂಬುದು ಆ ಕಡೆಯ ಪರಂಪರೆಯ ಮಾತು.