ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ: ದೂರ ಎಷ್ಟು, ಎಷ್ಟು ಗಂಟೆ ಪ್ರಯಾಣ? ತಾರೀಖಿನ ಲೆಕ್ಕ ತಪ್ಪದಿರಲಿ

ಹಾಸನ: ಮಗಳ ಬಾಣಂತನಕ್ಕೆ, ಮಗನ ಮನೆಗೆ ಅಂತ ಅಮೆರಿಕಕ್ಕೆ ಹೊರಡುವ ಅಪ್ಪ-ಅಮ್ಮಂದಿರು ಜಿಲ್ಲೆಯಲ್ಲೂ ಇದ್ದಾರೆ. ಮೊದಲ ಸಲ ಹೋಗುವವರಿಗೆ ದೂರಕ್ಕಿಂತ ಹೆಚ್ಚು ಗೊಂದಲ ಮಾಡೋದು ತಾರೀಖು. ಅದರ ವಿವರ ಇಲ್ಲಿದೆ.

ದೂರ ಎಷ್ಟು?
ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಆಕಾಶಮಾರ್ಗದಲ್ಲಿ ಸುಮಾರು 14,000 ಕಿ.ಮೀ. ಭೂಮಿ ದುಂಡಗಿರುವುದರಿಂದ ಅತಿ ಹತ್ತಿರದ ದಾರಿ ಉತ್ತರಕ್ಕೆ ಬಾಗಿ ರಷ್ಯಾದ ಸೈಬೀರಿಯಾ ಮೇಲೆ ಹೋಗುತ್ತದೆ. ಆದರೆ ಗಾಳಿಯ ದಿಕ್ಕು ನೋಡಿಕೊಂಡು ವಿಮಾನಗಳು ದಾರಿ ಬದಲಿಸುತ್ತವೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾರಿ ಬಂತು. ಅದನ್ನು ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳೇ.

ಎಷ್ಟು ಗಂಟೆ?
ನೇರ ವಿಮಾನವಾದರೆ ಸುಮಾರು 17 ಗಂಟೆ. ದುಬೈ, ದೋಹಾ, ಫ್ರಾಂಕ್‌ಫರ್ಟ್, ಸಿಂಗಾಪುರದಂಥ ಕಡೆ ಇಳಿದು ವಿಮಾನ ಬದಲಿಸಿದರೆ 20 ಗಂಟೆ ದಾಟುತ್ತದೆ. ನೇರ ವಿಮಾನ ನೀವು ಹೋಗುವ ದಿನ ಇದೆಯಾ ಅಂತ ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಹಾಸನದಿಂದ ದೇವನಹಳ್ಳಿ ತಲುಪಲು ನಾಲ್ಕೈದು ಗಂಟೆ, ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಅಂದರೆ ಮನೆ ಬಿಟ್ಟು ಅಲ್ಲಿ ಇಳಿಯುವ ಹೊತ್ತಿಗೆ ಕನಿಷ್ಠ 24–25 ಗಂಟೆ.

ಹೋಗುವಾಗ ದಿನ ಉಳಿಯುತ್ತದೆ
ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ನಮ್ಮ ಗಡಿಯಾರ ಹನ್ನೆರಡೂವರೆ ಗಂಟೆ ಮುಂದೆ. ಉಳಿದ ತಿಂಗಳಲ್ಲಿ ಹದಿಮೂರೂವರೆ ಗಂಟೆ ಮುಂದೆ. ಉದಾಹರಣೆಗೆ ಜೂನ್‌ನಲ್ಲಿ ಸೋಮವಾರ ಮಧ್ಯಾಹ್ನ 2ಕ್ಕೆ ನೇರ ವಿಮಾನ ಹತ್ತಿದರೆ ಅಲ್ಲಿ ಇಳಿಯುವುದು ಅದೇ ಸೋಮವಾರ ಸಂಜೆ ಆರೂವರೆಗೆ. ಟಿಕೆಟ್‌ನಲ್ಲಿ ನಾಲ್ಕೂವರೆ ಗಂಟೆ ಪ್ರಯಾಣ ಅನ್ನೋ ಹಾಗೆ ಕಾಣುತ್ತದೆ. ಅದು ತಪ್ಪಲ್ಲ, ಎರಡೂ ಅಲ್ಲಲ್ಲಿನ ಸಮಯ.

ಬರುವಾಗ ದಿನ ಹೋಗುತ್ತದೆ
ಅದೇ ಜೂನ್‌ನಲ್ಲಿ ಶನಿವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟರೆ ಬೆಂಗಳೂರಿಗೆ ಬರುವುದು ಸೋಮವಾರ ಬೆಳಗಿನ ಜಾವ ಎರಡೂವರೆಗೆ.

ಎಡವಟ್ಟಾಗೋದು ಇಲ್ಲೇ. 'ಸೋಮವಾರ ರಾತ್ರಿ ಎರಡೂವರೆಗೆ ಬರ್ತಾರೆ' ಅಂತ ಕಾರಿನವರಿಗೆ ಹೇಳಿದರೆ, ಅವರು ಸೋಮವಾರ ರಾತ್ರಿ ಊರು ಬಿಡುತ್ತಾರೆ. ಬಂದವರು ಅಷ್ಟರಲ್ಲಿ ಇಡೀ ದಿನ ಕಾದಿರುತ್ತಾರೆ. 'ಭಾನುವಾರ ರಾತ್ರಿ 10ಕ್ಕೆ ಹಾಸನ ಬಿಡಬೇಕು' ಅಂತಲೇ ಹೇಳಿ, ತಾರೀಖು ಬರೆದು ಕಳಿಸಿ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಯಾವ ಹೊತ್ತಿಗೆ ಅಂತ ಹೊರಡುವ ಮೊದಲೇ ವೈದ್ಯರ ಹತ್ತಿರ ಬರೆಸಿಕೊಳ್ಳಿ. ಔಷಧಿ ಕೈಚೀಲದಲ್ಲೇ ಇರಲಿ. ಆಗಾಗ ಎದ್ದು ಓಡಾಡಿ.